ಎರಡು ಗಂಟೆಯ ಮಗ್ಗುಲು

ಮೊದಲ ಪೆನ್ನು ಮಾಡಲು ಮೀಟರಿನವನಿಗೆ ಒಂಬತ್ತು ದಿನ ಹಿಡಿಯಿತು. ಅದು ಹಾಳಾಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ತಿರುಗುತ್ತಿದ್ದ ಮರಕ್ಕೆ ಉಳಿಯ ಮೂಲೆ ಸಿಕ್ಕಿಕೊಂಡು ಒಂದು ಚೂರು ಹಾರಿ ಹಿತ್ತಲ ಶೆಡ್ಡಿನ ತಗಡಿಗೆ ಬಡಿಯಿತು. ಒಳಗಿನ ಹಿತ್ತಾಳೆ ಕೊಳವೆ ಬೆತ್ತಲೆಯಾಗಿ ಹೊಳೆಯಿತು.

“ಹಲ್ಲು ಉದುರಿದ ಹಾಗಿದೆ,” ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು. ಹದಿಮೂರು ವರ್ಷ. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಮನೆಯಲ್ಲಿ ಅವಳನ್ನು ಕರೆಯುವುದೇ ವಕೀಲಮ್ಮ ಎಂದು.

“ನಿನ್ನ ಹಲ್ಲು ಉದುರಿಸ್ತೀನಿ. ಹೋಗು, ಓದ್ಕೋ.”

“ನನ್ನ ಪರೀಕ್ಷೆ ಮುಗೀತಪ್ಪ. ಈಗ ನಡೀತಿರೋದು ನಿಂದು.”

ಅವನದು ನೀರಿನ ಮೀಟರ್ ಓದುವ ಕೆಲಸ. ಬೆಳಗ್ಗೆ ಆರಕ್ಕೆ ಹೊರಟು, ಗೇಟು ಗೇಟಿನ ಪಕ್ಕದ ಗುಂಡಿಗೆ ಬಗ್ಗಿ, ಅಂಕಿ ಬರೆದುಕೊಂಡು, ನಾಯಿಗಳಿಂದ ಬೊಗಳಿಸಿಕೊಂಡು, ಒಂದೂವರೆಗೆ ಮನೆ ಸೇರುತ್ತಿದ್ದ. ಊಟವಾದ ಮೇಲೆ ದಿನದ ಉಳಿದ ಭಾಗ ಅವನದೇ. ಎರಡು ಬೀದಿ ಆಚೆ ಮಂಚದ ಕಾಲು, ಲಟ್ಟಣಿಗೆ ಕಡೆಯುತ್ತಿದ್ದ ಮೇಸ್ತ್ರಿಯೊಬ್ಬ ಕೈ ನಡುಗಲು ಶುರುವಾಗಿ ಅಂಗಡಿ ಮುಚ್ಚುವಾಗ, ಅಲ್ಲಿದ್ದ, ಮರ ತಿರುಗಿಸಿ ಕಡೆಯುವ ಚಿಕ್ಕ ಲೇತನ್ನು ಮೀಟರಿನವನು ತಂದು ಶೆಡ್ಡಿನಲ್ಲಿ ಕೂರಿಸಿದ್ದ. ಯಾಕೆ ಎಂದು ಕೇಳಿದವರಿಗೆ, “ಕೈ ಸುಮ್ನಿರಲ್ಲ” ಎನ್ನುತ್ತಿದ್ದ. ಆರು ವರ್ಷ ಸುಮ್ಮನಿದ್ದ ಕೈ ಅದು ಎಂದು ಹೆಂಡತಿ ಹೇಳಲಿಲ್ಲ. ಆ ದಿನ ಹೇಳಲಿಲ್ಲ ಅಷ್ಟೇ.

ಪೆನ್ನಿನ ಕೆಲಸ ಹೇಳಲು ಸುಲಭ. ಬೆರಳುದ್ದದ ಒಂದು ಚೌಕ ಮರದ ತುಂಡು. ಅದರ ನಡುವೆ ಉದ್ದಕ್ಕೂ ತೂತು ಕೊರೆಯಬೇಕು. ತೂತಿಗೆ ಅಂಟು ಹಚ್ಚಿ ಹಿತ್ತಾಳೆ ಕೊಳವೆ ತೂರಿಸಬೇಕು. ಅದನ್ನು ಉಕ್ಕಿನ ಕಂಬಿಗೆ ಪೋಣಿಸಿ ಲೇತಿನ ಎರಡು ತುದಿಗಳ ನಡುವೆ ಬಿಗಿದು, ತಿರುಗುವಾಗ ಉಳಿ ಹಿಡಿದು ದುಂಡಗೆ ಮಾಡಬೇಕು. ಎರಡನೇ ಪೆನ್ನಿನಲ್ಲಿ ಕೊಳವೆ ಜಾರಿ ಬಂತು. ಮೂರನೆಯದು ತೀರಾ ದಪ್ಪವಾಗಿ ವಕೀಲಮ್ಮ ಅದಕ್ಕೆ ಬದನೆಕಾಯಿ ಎಂದು ಹೆಸರಿಟ್ಟಳು. ನಾಲ್ಕನೆಯದು ಕೊನೆಗೆ ನಿಬ್ಬು ಒತ್ತಿ ಕೂರಿಸುವಾಗ ಉದ್ದಕ್ಕೆ ಬಿರುಕು ಬಿಟ್ಟಿತು. ಐದನೆಯದು ಬರೆಯಿತು. ಅದನ್ನು ಹೆಂಡತಿಗೆ ಕೊಟ್ಟ. ಅವಳು ಮುಂದಿನ ಕೋಣೆಯಲ್ಲಿ ಶಾಲೆ ಸಮವಸ್ತ್ರ ಹೊಲಿಯುತ್ತಿದ್ದಳು. ಅಳತೆ ಬರೆದು ಮೇಜಿನ ಮೇಲಿಟ್ಟರೆ ಪೆನ್ನು ಉರುಳಿ ಉರುಳಿ ಕೆಳಗೆ ಬೀಳುತ್ತಿತ್ತು.

“ಕುಡಿದವನ ಥರ ಹೋಗುತ್ತಲ್ರೀ ಇದು.”

“ತೂತು ಒಂದು ಕಡೆ ವಾಲುತ್ತೆ. ಅದೇ ತೊಂದರೆ.”

ಅದೇ ತೊಂದರೆ ಎಂದು ಮೇಸ್ತ್ರಿಯೂ ಹೇಳಿದ್ದ. ತೂತು ನಟ್ಟನಡುವೆ ಬೀಳದಿದ್ದರೆ ತುಂಡಿನ ಒಂದು ಮೂಲೆ ಹೊರಕ್ಕೆ ಚಾಚಿಕೊಳ್ಳುತ್ತದೆ. “ಅದಕ್ಕೇ ಸ್ವಿಚ್ ಹಾಕೋಕೆ ಮುಂಚೆ ಕೈಯಲ್ಲಿ ಮೂರು ಸುತ್ತು ತಿರುಗಿಸಿ ನೋಡಿ. ಉಳಿ ಒರಗಿಸೋ ಪಟ್ಟಿಗೆ ಎಲ್ಲೂ ತಾಗಬಾರದು. ಮೂರು ಸುತ್ತು. ಒಂದು ಸಾಲದು.” ಮೀಟರಿನವನು ಹೇಳಿದ ಮಾತು ಕೇಳುವವನು. ಪ್ರತಿ ಸಲ ಮೂರು ಸುತ್ತು ತಿರುಗಿಸುತ್ತಿದ್ದ. ಪ್ರತಿ ಸಲವೂ ಆ ಮೂಲೆ ಪಟ್ಟಿಗೆ ತಾಗುತ್ತಿತ್ತು. ಟಕ್. ಟಕ್. ಟಕ್.

ಪೆಟ್ಟಿಗೆ ಒಡೆದ ಮರ ಮೆದು. ಅದರಲ್ಲಿ ಕಲಿಯಬಹುದು, ಒಳ್ಳೆ ಪೆನ್ನು ಆಗುವುದಿಲ್ಲ. “ಗಟ್ಟಿ ಮರ ಬೇಕು. ನಲವತ್ತು ವರ್ಷ ಒಣಗಿರಬೇಕು. ಹಳೇ ಬಾಗಿಲು, ಹಳೇ ಮಂಚ, ಅಂಥದ್ದು ನೋಡಿ,” ಎಂದಿದ್ದ ಮೇಸ್ತ್ರಿ.

ಹಳೇ ಮಂಚ ಮನೆಯಲ್ಲೇ ಇತ್ತು. ಹಿಂದಿನ ಕೋಣೆಯಲ್ಲಿ ಬಿಚ್ಚಿ ಗೋಡೆಗೆ ಒರಗಿಸಿದ್ದರು. ನಾಲ್ಕು ಕಾಲು, ಎರಡು ಉದ್ದನೆಯ ಪಕ್ಕದ ಹಲಗೆ. ಮೀಟರಿನವನ ಅಪ್ಪ ಅದರ ಮೇಲೆ ಆರು ವರ್ಷ ಮಲಗಿ, ಏಳು ತಿಂಗಳ ಹಿಂದೆ ತೀರಿಕೊಂಡಿದ್ದ. ಅದಕ್ಕೆ ಮುಂಚೆ ಮೂವತ್ತೈದು ವರ್ಷ ಅವನು ಕಚೇರಿಯ ಹೊರಗೆ ಮೇಜು ಹಾಕಿಕೊಂಡು ಬೇರೆಯವರ ಅರ್ಜಿ ಬರೆದುಕೊಡುತ್ತಿದ್ದ. ಒಂದು ಬೆಳಗ್ಗೆ ಬಲಭಾಗವೂ ಮಾತೂ ಒಟ್ಟಿಗೆ ಹೋದವು. ಉಳಿದದ್ದು ಎಡಗೈ. ಆ ಕೈಯ ಗೆಣ್ಣಿನಿಂದ ಮಂಚದ ಹಲಗೆಗೆ ಬಡಿಯುತ್ತಿದ್ದ. ಒಂದು ಸಲ ಬಡಿದರೆ ನೀರು. ಮೂರು ಸಲ ಬಡಿದರೆ ಮಗ್ಗುಲು ತಿರುಗಿಸಬೇಕು.

ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆಂದು ಡಾಕ್ಟರು ಹೇಳಿದ್ದರು. ಆರು ವರ್ಷ, ಹಗಲು ರಾತ್ರಿ, ಎರಡು ಗಂಟೆಗೊಮ್ಮೆ ತಿರುಗಿಸಿದ್ದು ಮೀಟರಿನವನ ಅಮ್ಮ, ವಕೀಲಮ್ಮನ ಅಜ್ಜಿ, ಒಬ್ಬಳೇ. ಸತ್ತ ದಿನ ಮೈಮೇಲೆ ಒಂದು ಹುಣ್ಣೂ ಇರಲಿಲ್ಲ. ಮಗ ದಿನಕ್ಕೆರಡು ಸಲ ಆ ಕೋಣೆಯ ಬಾಗಿಲಲ್ಲಿ ನಿಂತು, “ಹೇಗಿದ್ದೀರಪ್ಪ?” ಎಂದು ಕೇಳಿ ಹೋಗುತ್ತಿದ್ದ. ಒಳಗಿನ ವಾಸನೆ ಅವನಿಗೆ ಆಗುತ್ತಿರಲಿಲ್ಲ.

ಊಟಕ್ಕೆ ಕೂತಾಗ ಕೇಳಿದ. “ಅಮ್ಮ, ಆ ಮಂಚ ಏನ್ಮಾಡೋಣ?”

“ಒಲೆಗೆ ಹಾಕು,” ಎಂದಳು ಅಜ್ಜಿ, ತಟ್ಟೆಯಿಂದ ತಲೆ ಎತ್ತದೆ.

“ಪೆನ್ನು ಮಾಡ್ಲಾ?”

“ಏನಾದ್ರೂ ಮಾಡ್ಕೋ. ಇನ್ನೊಂದು ಸ್ವಲ್ಪ ಅನ್ನ ಹಾಕು.”

ಅಜ್ಜಿ ಆ ದಿನಗಳಲ್ಲಿ ಚೆನ್ನಾಗಿ ತಿನ್ನುತ್ತಿದ್ದಳು. ಬೆಳಗ್ಗೆ ಏಳರವರೆಗೆ ಮಲಗುವುದನ್ನು ಕಲಿತಿದ್ದಳು. ಊಟವಾದ ಮೇಲೆ ಮುಂದಿನ ಕೋಣೆಯಲ್ಲಿ, ಸೊಸೆಯ ಹೊಲಿಗೆ ಯಂತ್ರದ ಪಕ್ಕದಲ್ಲೇ ಚಾಪೆ ಹಾಸಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು ಗೊರಕೆ ಹೊಡೆಯುತ್ತಿದ್ದಳು. ಬರುವ ತಿಂಗಳು ಇಪ್ಪತ್ತಾರಕ್ಕೆ ಅವಳ ಅಕ್ಕ ಬಂದು ಅವಳನ್ನು ಕರೆದುಕೊಂಡು ಹೋಗುವುದಿತ್ತು. ಎರಡು ದಿನದ ರೈಲು, ಎರಡು ತಿಂಗಳ ವಾಸ. ಸೊಸೆ ಹೊಲಿಗೆಯ ದುಡ್ಡಿನಲ್ಲಿ ಟಿಕೆಟ್ಟು ತೆಗೆದು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದಳು. ಚಕ್ರವಿರುವ ಹೊಸ ಬ್ಯಾಗನ್ನು ಅಜ್ಜಿ ದಿನಕ್ಕೊಮ್ಮೆ ಮನೆಯೊಳಗೇ ಎಳೆದು ನೋಡುತ್ತಿದ್ದಳು.

“ಅಲ್ಲಿ ಹೋಗಿ ಏನ್ಮಾಡ್ತೀಯ ಅಜ್ಜಿ?”

“ಕೂತ್ಕೋತೀನಿ.”

“ಆಮೇಲೆ?”

“ಅಕ್ಕ ಬಡಿಸ್ತಾಳೆ, ತಿಂತೀನಿ. ಆಮೇಲೆ ಮತ್ತೆ ಕೂತ್ಕೋತೀನಿ. ನಿನಗೇನು ಹೊಟ್ಟೆಕಿಚ್ಚು?”

ಮಂಚದ ಒಂದು ಕಾಲನ್ನು ಸೀಳಿದರೆ ಎಂಟು ಪೆನ್ನಿಗೆ ಮರ ಸಿಕ್ಕಿತು. ಒಳಗೆ ಕಪ್ಪು ಕೆಂಪು ಗೆರೆ. ಮೀಟರಿನವನಿಗೆ ಖುಷಿಯಾಯಿತು. ತೂತು ಕೊರೆದ, ಕೊಳವೆ ಅಂಟಿಸಿದ, ಒಂದು ದಿನ ಬಿಟ್ಟು ಲೇತಿಗೆ ಬಿಗಿದ. ಕೈಯಲ್ಲಿ ಮೂರು ಸುತ್ತು ತಿರುಗಿಸಿದ. ಟಕ್. ಟಕ್. ಟಕ್. ಪಟ್ಟಿಯನ್ನು ಹಿಂದಕ್ಕೆ ಸರಿಸಿ ಸ್ವಿಚ್ ಹಾಕಿದ. ಆಗ ಎರಡು ಗಂಟೆ.

ಮರ ಬಿಸಿಯಾಗುತ್ತಿದ್ದಂತೆ ವಾಸನೆ ಎದ್ದಿತು. ಬೆಳ್ಳುಳ್ಳಿ, ಕರ್ಪೂರ ಹಾಕಿ ಕಾಯಿಸಿದ ಎಣ್ಣೆಯ ವಾಸನೆ. ಆರು ವರ್ಷ ದಿನಾ ಮುದುಕನ ಬೆನ್ನಿಗೆ ಸೊಂಟಕ್ಕೆ ತಿಕ್ಕಿದ ಎಣ್ಣೆ ಅದು. ಮೈಯಿಂದ ಹಾಸಿಗೆಗೆ, ಹಾಸಿಗೆಯಿಂದ ಮಂಚಕ್ಕೆ ಇಳಿದಿತ್ತು. ಅದರ ಕೆಳಗೆ ಇನ್ನೊಂದು ವಾಸನೆಯೂ ಇತ್ತು. ಬೆವರು, ಹಳೇ ದುಪ್ಪಟಿ, ಮುಚ್ಚಿದ ಕಿಟಕಿ. ಶೆಡ್ಡಿನಿಂದ ಹಿತ್ತಲಿಗೆ, ಹಿತ್ತಲಿಂದ ಅಡುಗೆಮನೆಗೆ, ಅಲ್ಲಿಂದ ಮುಂದಿನ ಕೋಣೆಗೆ ಬಂತು.

ಸೊಸೆ ಹೊಲಿಗೆ ನಿಲ್ಲಿಸಿದಳು. ಚಾಪೆಯ ಮೇಲಿದ್ದ ಅಜ್ಜಿಯ ಗೊರಕೆ ನಿಂತಿತ್ತು. ಅಜ್ಜಿ ಎದ್ದು ಕೂತಳು, ಸೆರಗು ಸಿಕ್ಕಿಸಿಕೊಂಡಳು, ನೇರ ಅಡುಗೆಮನೆಗೆ ನಡೆದಳು. ಸೊಸೆ ಹಿಂದೆಯೇ ಹೋಗಿ ನೋಡಿದರೆ ಒಲೆಯ ಮೇಲೆ ಚಿಕ್ಕ ಬಾಣಲೆ, ಅದರಲ್ಲಿ ಎಣ್ಣೆ. ಅಜ್ಜಿ ಬೆಳ್ಳುಳ್ಳಿ ಜಜ್ಜುತ್ತಿದ್ದಳು.

“ಅತ್ತೆ, ಏನ್ಮಾಡ್ತಿದ್ದೀರಿ?”

“ಹೊತ್ತಾಯ್ತಲ್ಲಮ್ಮ.”

“ಯಾವುದಕ್ಕೆ?”

ಅಜ್ಜಿ ಬಾಣಲೆ ನೋಡಿದಳು. ಸೊಸೆಯ ಮುಖ ನೋಡಿದಳು. ಒಲೆ ಆರಿಸಿ ನಕ್ಕಳು. “ನಿದ್ದೆಗಣ್ಣು ಕಣೇ. ಬೆಳ್ಳುಳ್ಳಿ ಸಾರಿಗೆ ಹಾಕ್ಬಿಡು, ದಂಡ ಮಾಡ್ಬೇಡ.”

ಮರುದಿನ ವಾಸನೆ ಏಳುವ ಮುಂಚೆಯೇ ಎದ್ದಳು. ಶೆಡ್ಡಿನಲ್ಲಿ ಟಕ್, ಟಕ್, ಟಕ್ ಎಂದು ಮೂರು ಸಲ ಆದದ್ದೇ ತಡ, ಕಣ್ಣು ತೆರೆಯುವ ಮೊದಲೇ ಕಾಲು ನೆಲಕ್ಕಿಟ್ಟಿದ್ದಳು. ಹಿಂದಿನ ಕೋಣೆಗೆ ಹೋಗಿ, ಮಂಚ ಇದ್ದ ಜಾಗದ ಎದುರು ಬಗ್ಗಿ ಎರಡೂ ಅಂಗೈ ಮುಂದಕ್ಕೆ ಚಾಚಿದಳು. ಹಾಗೇ ಸ್ವಲ್ಪ ಹೊತ್ತು ನಿಂತು ವಾಪಸು ಬಂದಳು. ಸೂಜಿಗೆ ದಾರ ಪೋಣಿಸಲು ಸೊಸೆಗೆ ನಾಲ್ಕು ಸಲ ಬೇಕಾಯಿತು.

ಆ ವಾರ ಮಂಚದ ಮರದ ಮೊದಲ ಪೆನ್ನು ಆಯಿತು. ಕಪ್ಪಗೆ, ಮಿರಮಿರ ಮಿಂಚುವ ಪೆನ್ನು. ನೋಡಲು ಬಂದ ಸೋದರತ್ತೆ, ಅಂದರೆ ಸತ್ತವನ ತಂಗಿ, ಅದನ್ನು ಮೂಗಿಗೆ ಹಿಡಿದು ಅತ್ತಳು.

“ಅಣ್ಣನೇ ಕಣೋ ಇದು. ನನಗೆ ಕೊಡು.”

“ತಗೊಳ್ಳಿ ಅತ್ತೆ.”

ಅವಳು ಮನೆಗೆ ಹೋಗಿ ಎಲ್ಲರಿಗೂ ಫೋನು ಮಾಡಿದಳು. ಚಿಕ್ಕಪ್ಪ ಕೇಳಿದ, ಚಿಕ್ಕಪ್ಪನ ಅಳಿಯ ಕೇಳಿದ, ಕಚೇರಿಯ ಹೊರಗೆ ಅಪ್ಪನ ಪಕ್ಕದಲ್ಲಿ ಮೇಜು ಹಾಕುತ್ತಿದ್ದ ಮುದುಕ ಕೇಳಿದ. ಹನ್ನೊಂದು ಪೆನ್ನು ಎಂದು ಲೆಕ್ಕವಾಯಿತು. ಮೀಟರಿನವನು ಊಟದ ಹೊತ್ತಿನಲ್ಲಿ ಹೆಸರು ಓದಿದ.

“ಇಷ್ಟು ದಿನ ಎಲ್ಲಿದ್ರು ಇವರೆಲ್ಲ?” ಎಂದಳು ಹೆಂಡತಿ. “ಆರು ವರ್ಷದಲ್ಲಿ ಆರು ಸಲ ಬಂದಿಲ್ಲ. ಅದೂ ಬಾಗಿಲಲ್ಲೇ ನಿಂತು.”

“ಅದೆಲ್ಲ ಈಗ್ಯಾಕೆ? ಹನ್ನೊಂದು ಮನೇಲಿ ಅಪ್ಪನ ಗುರುತು ಇರುತ್ತೆ.”

“ಗುರುತು ಈ ಮನೇಲಿರೋದೇ ಸಾಕಾಗಿದೆ.”

ಅಜ್ಜಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಒಂದು ಬಟ್ಟಲಲ್ಲಿ ತಣ್ಣಗಾಗಲು ಇಟ್ಟಿದ್ದಳು. ಮನೆಯಲ್ಲಿ ಯಾರಿಗೂ ಜ್ವರ ಇರಲಿಲ್ಲ. ಯಾರೂ ಏನೂ ಕೇಳುವ ಮುಂಚೆ ವಕೀಲಮ್ಮ ಅದನ್ನು ಎತ್ತಿ ಕುಡಿದುಬಿಟ್ಟಳು.

“ಉಪ್ಪೇ ಇಲ್ಲ ಅಜ್ಜಿ.”

“ಅವರಿಗೆ ಉಪ್ಪು ಹಾಕಬಾರದು,” ಎಂದಳು ಅಜ್ಜಿ.

ಎರಡನೇ ವಾರ ಎರಡು ಪೆನ್ನುಗಳು ವಾಪಸು ಬಂದವು. ಕೊಳವೆ ಜಾರುತ್ತಿತ್ತು. ಸೋದರತ್ತೆ ಫೋನು ಮಾಡಿ, ಬರೆಯುತ್ತಾ ಕೂತರೆ ಪೆನ್ನು ಒದ್ದೆಯಾಗುತ್ತದೆ, ಸಾಬೂನು ಹಾಕಿ ತೊಳೆದರೂ ಬೆರಳಿನ ವಾಸನೆ ಹೋಗುವುದಿಲ್ಲ ಎಂದಳು. ಬೇಡವೆಂದಲ್ಲ, ಇನ್ನೊಂದು ಬೇಕಂತೆ. ಮೀಟರಿನವನು ಒಂದು ತುಂಡನ್ನು ಮೇಸ್ತ್ರಿಯ ಮನೆಗೆ ಒಯ್ದ. ಮೇಸ್ತ್ರಿ ನಡುಗುವ ಕೈಯಲ್ಲಿ ಹಿಡಿದು ಹೆಬ್ಬೆರಳಿಂದ ತಿಕ್ಕಿದ, ಮೂಸಿದ, ಕೆಳಗಿಟ್ಟ.

“ಎಣ್ಣೆ ಕುಡಿದಿದೆ ಇದು. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯಲ್ಲ. ಕೈಯ ಬಿಸಿ ತಾಗಿದರೆ ಬೆವರುತ್ತೆ. ಎಷ್ಟು ವರ್ಷ ಮಲಗಿದ್ರು?”

“ಆರು.”

“ಇನ್ನಾರು ವರ್ಷ ಬೆವರುತ್ತೆ ಹಾಗಾದ್ರೆ.” ಮೇಸ್ತ್ರಿ ಪಂಚೆಗೆ ಕೈ ಒರೆಸಿಕೊಂಡ. ಒರೆಸಿಕೊಂಡದ್ದನ್ನೇ ಮತ್ತೆ ಒರೆಸಿಕೊಂಡ. “ಸ್ಪಿರಿಟ್ಟಲ್ಲಿ ತೊಳೆದು ಅಂಟಿಸಿ ನೋಡಿ. ನಾನಾಗಿದ್ರೆ ಬೇರೆ ಮರ ತಗೋತಿದ್ದೆ.”

ಸ್ಪಿರಿಟ್ಟಿನಲ್ಲಿ ತೊಳೆದಾಗ ಅಂಟು ಹಿಡಿಯಿತು. ತೂತು ಕೊರೆಯುವುದೂ ಕೈಗೆ ಬಂತು. ಮೂರನೇ ವಾರದ ಹೊತ್ತಿಗೆ ಕೈಯಲ್ಲಿ ಮೂರು ಸುತ್ತು ತಿರುಗಿಸಿದರೆ ಮರ ಪಟ್ಟಿಗೆ ತಾಗುತ್ತಿರಲಿಲ್ಲ. ಸದ್ದೇ ಇಲ್ಲ. ಅವನು ಹೆಮ್ಮೆಯಿಂದ ಹೆಂಡತಿಯನ್ನು ಕರೆದು ತೋರಿಸಿದ.

“ನೋಡು, ಬಡಿಯೋದೇ ಇಲ್ಲ ಈಗ.”

“ನಿಮ್ಮಮ್ಮ ಮಾತ್ರ ಏಳ್ತಾನೇ ಇದ್ದಾರೆ,” ಎಂದಳು ಅವಳು. “ಎರಡಕ್ಕೆ ಎದ್ದರು. ನೀವಾಗ ಇನ್ನೂ ಕೈ ತೊಳೀತಿದ್ರಿ. ನಾಲ್ಕಕ್ಕೂ ಏಳ್ತಾರೆ. ನೀವು ಕೆಲಸಕ್ಕೆ ಹೋದಾಗ ಹತ್ತಕ್ಕೂ ಏಳ್ತಾರೆ. ಸದ್ದಾದ್ರೂ ಅಷ್ಟೇ, ಆಗದಿದ್ರೂ ಅಷ್ಟೇ.”

ಅಜ್ಜಿ ಇಳಿದುಹೋಗಿದ್ದಳು. ಕುಪ್ಪಸದ ತೋಳು ಸಡಿಲವಾಗಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು, ಒಂದು ಕಾಲು ಮಡಿಸಿ, ಇನ್ನೊಂದು ಏಳಲು ತಯಾರಾಗಿ. ಚಕ್ರದ ಬ್ಯಾಗನ್ನು ತೆರೆದು ನೋಡಿದ ಸೊಸೆಗೆ ಒಳಗೆ ಸೀರೆಗಳು ಸಿಗಲಿಲ್ಲ. ಹಳೇ ದುಪ್ಪಟಿಗಳನ್ನು ಸಮವಾಗಿ ಹರಿದು, ಮಡಿಸಿ, ಒಂದರ ಮೇಲೊಂದು ಜೋಡಿಸಿಟ್ಟಿದ್ದಳು. ಮುದುಕನ ಕೆಳಗೆ ಹಾಸುತ್ತಿದ್ದ ಅಳತೆಗೆ.

ಆ ಸಂಜೆ ಊಟದಲ್ಲಿ ಅಜ್ಜಿ ಹೇಳಿದಳು. “ಟಿಕೆಟ್ಟು ವಾಪಸ್ ಮಾಡ್ಬಿಡಿ.”

“ಯಾಕಮ್ಮ?”

“ಇವರನ್ನ ಯಾರ ಕೈಗೆ ಬಿಟ್ಟು ಹೋಗ್ಲಿ?”

ಮೀಟರಿನವನು ಮೆಲ್ಲಗೆ, ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದ. “ಅಮ್ಮ. ಅಪ್ಪ ಇಲ್ಲ.”

“ಗೊತ್ತು ಕಣೋ. ಕೊನೇ ಸ್ನಾನ ಮಾಡಿಸಿದ್ದು ನಾನು. ಇಲ್ಲ ಅಂತ ನನಗೇ ಹೇಳಿಕೊಡ್ಬೇಡ.” ಅಜ್ಜಿ ಬೇಳೆ ಕಲಸುತ್ತಲೇ ಇದ್ದಳು. “ಇಲ್ಲ, ನಿಜ. ಆದ್ರೆ ಬಡೀತಾರಲ್ಲ. ಬಡಿದ್ರೆ ಏಳದೆ ಹೇಗಿರ್ಲಿ?”

“ಅದು ಮರ ತಾಗೋ ಸದ್ದಮ್ಮ. ಈಗ ಅದೂ ಇಲ್ಲ.”

“ನಿನಗೆ ಯಾವತ್ತು ಕೇಳಿಸಿದೆ?”

ವಕೀಲಮ್ಮ ಅಪ್ಪನ ಮುಖ ನೋಡಿದಳು.

ಅಜ್ಜಿ ಕೈ ತೊಳೆಯಲು ಎದ್ದು ಹೋದ ಮೇಲೆ ಸೊಸೆ ಬಾಯಿ ಬಿಟ್ಟಳು. “ಆ ಮಂಚ ಎತ್ತಿ ಆಚೆ ಹಾಕ್ರೀ. ನಾಳೇನೇ.”

“ಇನ್ನು ನಾಲ್ಕೇ ಪೆನ್ನು ಬಾಕಿ ಕಣೇ. ಮಾತು ಕೊಟ್ಟಿದ್ದೀನಿ.”

“ಯಾರಿಗೆ? ಮಾವ ಇದ್ದಾಗ ಆರು ವರ್ಷದಲ್ಲಿ ಒಂದು ಸಲ ಮಗ್ಗುಲು ತಿರುಗಿಸಿದ್ರಾ ನೀವು? ಮೂಗು ಮುಚ್ಕೊಂಡು ಬಾಗಿಲಲ್ಲಿ ನಿಲ್ತಿದ್ರಿ. ಈಗ ನೋಡಿದ್ರೆ ನಿಮಿಷಕ್ಕೆ ಎರಡು ಸಾವಿರ ಸಲ ತಿರುಗಿಸ್ತಾ ಕೂತಿದ್ದೀರಿ.”

ಮೀಟರಿನವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಮೂರು ದಿನ ಶೆಡ್ಡಿಗೆ ಹೋಗಲಿಲ್ಲ. ಹೆಂಡತಿಯ ಜೊತೆ ಮಾತೂ ಆಡಲಿಲ್ಲ. ಏನು ಬೇಕಾದರೂ ಮಗಳ ಮೂಲಕ ಕೇಳಿದ.

“ನಿಮ್ಮಮ್ಮಂಗೆ ಹೇಳು, ನನ್ನ ಅಂಗಿ ಇಸ್ತ್ರಿ ಆಗಿಲ್ಲ ಅಂತ.”

“ಅಮ್ಮ, ಅಂಗಿ ಇಸ್ತ್ರಿ ಆಗಿಲ್ವಂತೆ.”

“ಇಸ್ತ್ರಿ ಪೆಟ್ಟಿಗೆ ಅಲ್ಲೇ ಇದೆ ಅಂತ ಹೇಳು.”

“ನನ್ನ ಫೀಸು ಒಂದು ಮಾತಿಗೆ ಐದು ರೂಪಾಯಿ,” ಎಂದಳು ವಕೀಲಮ್ಮ. ಲೇತು ನಿಂತಿದ್ದರೂ ಮನೆಯಲ್ಲಿ ವಾಸನೆ ಹೋಗಿರಲಿಲ್ಲ. ಎರಡಕ್ಕೆ, ನಾಲ್ಕಕ್ಕೆ ಅಜ್ಜಿ ಎದ್ದು ಹೋಗುತ್ತಿದ್ದಳು, ಬರುತ್ತಿದ್ದಳು. ಒಂದು ಸಲ ವಕೀಲಮ್ಮ ಹಿಂದೆಯೇ ಹೋಗಿ ಬಂದು ಅಮ್ಮನ ಕಿವಿಯಲ್ಲಿ ಹೇಳಿದಳು. “ಅಜ್ಜಿ ಮಾತಾಡಲ್ಲಮ್ಮ. ಬರೀ ಏದುಸಿರು ಬಿಡ್ತಾಳೆ. ಭಾರ ಎತ್ತಿದವರ ಥರ.”

ನಾಲ್ಕನೇ ದಿನ ಮೀಟರಿನವನು ಸೋತ. ಉಳಿದ ಮೂರು ಕಾಲನ್ನೂ ಹಲಗೆಗಳನ್ನೂ ಹಿತ್ತಲಿಗೆ ಹೊರಲು ಹೊರಟ. ಮೂಲೆ ಮನೆಯ ಸೌದೆ ಒಲೆಯವನು ಒಯ್ಯುತ್ತೇನೆಂದಿದ್ದ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

“ಲೇತಿನ ಮೇಲೆ ಒಂದಿದೆಯಲ್ಲ, ಅದು?”

ಲೇತಿನ ಮೇಲೆ ಒಂದು ತುಂಡು ಹಾಗೇ ಉಳಿದಿತ್ತು. ಜಗಳದ ಹಿಂದಿನ ದಿನ ಅರ್ಧ ಕಡೆದು ಬಿಟ್ಟದ್ದು. ಒಂದು ತುದಿ ದುಂಡಗೆ, ಇನ್ನೊಂದು ತುದಿಯಲ್ಲಿ ನಾಲ್ಕು ಮೂಲೆ.

“ಅದನ್ನೂ ಕೊಟ್ಬಿಡ್ತೀನಿ.”

“ಅರ್ಧ ತಿರುಗಿಸಿ ಬಿಡ್ತಾರೇನೋ ಯಾರಾದ್ರೂ? ಅರ್ಧದಲ್ಲಿ ಬಿಟ್ರೆ ರಾತ್ರಿಯೆಲ್ಲ ನರಳ್ತಾರೆ.” ಅಜ್ಜಿಯ ದನಿ ಸಿಟ್ಟಿನದಲ್ಲ, ದಣಿದದ್ದು. ಬಾಗಿಲ ಚೌಕಟ್ಟು ಹಿಡಿದು ಅವಳು ಮಗನನ್ನೇ ನೋಡಿದಳು. “ನೀನು ಮಾಡ್ತೀಯಾ?”

“ಏನನ್ನ?”

“ಮಗ್ಗುಲು. ನೀನು ಮಾಡ್ತೀನಿ ಅಂದ್ರೆ ನಾನು ಹೋಗ್ತೀನಿ.”

ಮೀಟರಿನವನು ಹೆಂಡತಿಯ ಕಡೆ ನೋಡಿದ. ಮೂರು ದಿನದಲ್ಲಿ ಮೊದಲ ಸಲ. ಅವಳು ಸಣ್ಣಗೆ ತಲೆಯಾಡಿಸಿದಳು. ಹ್ಞೂಂ ಅಂದುಬಿಡಿ, ಇಪ್ಪತ್ತಾರಕ್ಕೆ ಇನ್ನು ಐದೇ ದಿನ.

“ಮಾಡ್ತೀನಮ್ಮ.”

“ಬಾಯಲ್ಲಿ ಬೇಡ. ಮಾಡಿ ತೋರಿಸು.”

ಅಜ್ಜಿ ಪಕ್ಕದ ಹಲಗೆಯೊಂದನ್ನು ಹಿಂದಿನ ಕೋಣೆಯಲ್ಲಿ, ಮಂಚ ಇದ್ದ ಜಾಗದಲ್ಲೇ ಚಾಪೆಯ ಮೇಲೆ ಮಲಗಿಸಿದಳು. ಬ್ಯಾಗಿನಿಂದ ದುಪ್ಪಟಿ ತುಂಡು ತಂದು ಹಾಸಿದಳು, ಹೊದಿಸಿದಳು. ಮಗನನ್ನು ಮಂಡಿಯೂರಿಸಿದಳು.

“ಒಂದು ಕೈ ಭುಜದ ಕೆಳಗೆ. ಇನ್ನೊಂದು ಸೊಂಟದ ಕೆಳಗೆ. ಹಾಗಲ್ಲ, ಅಂಗೈ ಮೇಲೆ ಮಾಡು. ಈಗ ಎಳೀಬೇಡ. ನಿನ್ನ ಕಡೆ ಕರ್ಕೋ. ಎಳೆದ್ರೆ ಚರ್ಮ ಕಿತ್ತು ಬರುತ್ತೆ.”

ಅವನು ಹೊರಳಿಸಿದ. ಹಲಗೆ ನೆಲಕ್ಕೆ ದಬ್ಬೆಂದಿತು.

“ಕೊಂದೆ,” ಎಂದಳು ಅಜ್ಜಿ. “ಮತ್ತೆ.”

ವಕೀಲಮ್ಮನಿಗೆ ನಗು ಬಂತು. ಬಾಯಿ ಮುಚ್ಚಿಕೊಂಡಳು. ಅಪ್ಪ ಮತ್ತೆ ಮಾಡಿದ. ಮತ್ತೆ ಮಾಡಿದ. ಹತ್ತನೇ ಸಲದ ಹೊತ್ತಿಗೆ ಸದ್ದಿಲ್ಲದೆ ಹೊರಳಿತು. ಆಗ ವಕೀಲಮ್ಮನ ನಗು ನಿಂತಿತ್ತು. ಅದೇ ಹಲಗೆಯನ್ನು ಅಪ್ಪ ಬೆಳಗ್ಗೆ ಒಂದೇ ಕೈಯಲ್ಲಿ ಎತ್ತಿದ್ದನ್ನು ಅವಳು ನೋಡಿದ್ದಳು. ಈಗ ಅವನ ಎರಡೂ ತೋಳು ನಡುಗುತ್ತಿದ್ದವು, ಕುತ್ತಿಗೆಯ ನರ ಉಬ್ಬಿತ್ತು.

“ಹೂಂ. ಮಂಡಿಗಳ ನಡುವೆ ದಿಂಬು ಮರೀಬೇಡ,” ಎಂದಳು ಅಜ್ಜಿ. “ಎಂಟಕ್ಕೆ ಎಡ, ಹತ್ತಕ್ಕೆ ಬಲ, ಹನ್ನೆರಡಕ್ಕೆ ಎಡ, ಎರಡಕ್ಕೆ ಬಲ, ನಾಲ್ಕಕ್ಕೆ ಎಡ. ಹೇಳು.”

ಅವನು ಹೇಳಿದ. ಮುಂದಿನ ಐದು ದಿನ ಮನೆಯಲ್ಲಿದ್ದಾಗೆಲ್ಲ ಅವನೇ ಮಾಡಿದ. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಆಮೇಲೆ ಹೋಗಿ ಮಲಗುತ್ತಿದ್ದಳು. ಮೂರನೇ ದಿನ ಅವಳ ಗೊರಕೆ ಕೇಳಿಸಿತು. ಸೊಸೆ ಹೊಲಿಗೆ ನಿಲ್ಲಿಸಿ ಅದನ್ನೇ ಕೇಳಿದಳು. ಇದು ಸರಿಯೋ ತಪ್ಪೋ ಅವಳಿಗೆ ಗೊತ್ತಾಗಲಿಲ್ಲ. ಎದ್ದು ಹೋಗಿ ಬ್ಯಾಗಿಗೆ ಸೀರೆ ತುಂಬಿದಳು.

ಇಪ್ಪತ್ತಾರರ ಬೆಳಗ್ಗೆ ಅಜ್ಜಿಯ ಅಕ್ಕ, ದೊಡ್ಡಜ್ಜಿ, ಬಂದಳು. ಅಜ್ಜಿಗಿಂತ ಎಂಟು ವರ್ಷ ದೊಡ್ಡವಳು, ಅಜ್ಜಿಗಿಂತ ಗಟ್ಟಿ. ರೈಲು ಹನ್ನೆರಡೂವರೆಗೆ. ಆಟೋದಲ್ಲಿ ಮುದುಕಿಯರಿಬ್ಬರು, ಸೊಸೆ, ವಕೀಲಮ್ಮ, ಚಕ್ರದ ಬ್ಯಾಗು. ಮಗನೂ ಹತ್ತಲು ಬಂದ.

“ನೀನೆಲ್ಲಿಗೆ?” ಎಂದಳು ಅಜ್ಜಿ. “ಹನ್ನೆರಡರದ್ದು ಯಾರು ನೋಡ್ತಾರೆ?”

“ಒಂದು ಸಲ ತಪ್ಪಿದ್ರೆ ಏನಾಗಲ್ಲಮ್ಮ.”

“ಹಾಗೆ ಅಂದ್ಕೊಂಡಿದ್ರೆ ನಾನು ಆರು ವರ್ಷದ ಹಿಂದೇನೇ ಹೋಗ್ತಿದ್ದೆ.”

“ಏನೇ ಅದು?” ಎಂದಳು ದೊಡ್ಡಜ್ಜಿ.

“ಮನೆ ಕೆಲಸ,” ಎಂದಳು ಅಜ್ಜಿ. ಆಟೋ ಹೊರಟಿತು. ಅವಳು ತಿರುಗಿ ನೋಡಲಿಲ್ಲ.

ಹನ್ನೆರಡರದ್ದು ಮಾಡಿದ. ಮಾಡಿ, ತನ್ನ ಮೇಲೆ ತನಗೇ ನಾಚಿಕೆಯಾಗಿ, ಮುಚ್ಚಿಟ್ಟಿದ್ದ ಅನ್ನ ತಿಂದ. ಮನೆಯಲ್ಲಿ ಯಾರೂ ಇಲ್ಲ. ಹೊರಗೆ ಬಿಸಿಲು, ಪಕ್ಕದ ಮನೆಯ ನಲ್ಲಿಯ ಸದ್ದು. ಶೆಡ್ಡಿಗೆ ಹೋಗಿ ಅರ್ಧ ಉಳಿದಿದ್ದ ತುಂಡನ್ನು ಕೈಯಲ್ಲಿ ಮೂರು ಸುತ್ತು ತಿರುಗಿಸಿದ. ಎಲ್ಲೂ ತಾಗಲಿಲ್ಲ. ಸ್ವಿಚ್ ಹಾಕಿದ. ಉಳಿ ಇಟ್ಟ. ಈ ಸಲ ಕೈ ಹೆದರಲಿಲ್ಲ. ಸಿಪ್ಪೆ ಉದ್ದ ಸುರುಳಿಯಾಗಿ ಎದ್ದು ಮಣಿಕಟ್ಟಿನ ಮೇಲೆ ಬಿತ್ತು. ನಾಲ್ಕು ಮೂಲೆಯೂ ಕರಗಿ ಒಂದೇ ಗೆರೆಯಾಯಿತು. ಅವನು ಮಾಡಿದ್ದರಲ್ಲೆಲ್ಲ ಅದೇ ಚೆನ್ನಾಗಿ ಬಂತು. ತೋರಿಸಲು ಯಾರಿದ್ದಾರೆಂದು ತಲೆ ಎತ್ತಿದವನು ಲೇತು ನಿಲ್ಲಿಸಿದ.

ಲೇತು ಪೂರ್ತಿ ನಿಲ್ಲುವವರೆಗೆ ಕಾದ. ಬಾಗಿಲ ಕಡೆ ಕಿವಿಗೊಟ್ಟ. ಆಮೇಲೆ ಉಳಿ ಕೆಳಗಿಟ್ಟು, ಕೈ ಕೂಡ ತೊಳೆಯದೆ ಒಳಗೆ ನಡೆದ.

ಗಡಿಯಾರದಲ್ಲಿ ಎರಡು ಗಂಟೆ ಐದು ನಿಮಿಷ. ಹಿಂದಿನ ಕೋಣೆಯಲ್ಲಿ ದುಪ್ಪಟಿಯ ಕೆಳಗೆ ಹಲಗೆ ಮಲಗಿತ್ತು. ಅವನು ಮಂಡಿಯೂರಿದ. ಕೈ ಮುಂದೆ ಮಾಡಿದವನು ಹಾಗೇ ತಡೆದ. ಹೇಳಿ ಹೇಳಿ ಬಾಯಿಪಾಠವಾಗಿದ್ದದ್ದು ತಲೆಯಲ್ಲಿ ಇರಲೇ ಇಲ್ಲ. ಅಂಗಿಯ ಜೇಬಿನಿಂದ ಫೋನು ತೆಗೆದು ಅಮ್ಮನಿಗೆ ಹಚ್ಚಿದ. ಆ ಕಡೆ ರೈಲಿನ ಸದ್ದು, ಡಬ್ಬಿ ತೆರೆಯುವ ಸದ್ದು, ದೊಡ್ಡಜ್ಜಿಯ ನಗು.

“ಅಮ್ಮ, ಎರಡು ಗಂಟೆಗೆ ಯಾವ ಮಗ್ಗುಲು?”

“ಬಲ,” ಎಂದಳು ಅಜ್ಜಿ. ಬಾಯಲ್ಲಿ ತುತ್ತಿತ್ತು. “ತಡವಾಗಿದೆಯಲ್ಲೋ. ಎಷ್ಟು ಹೊತ್ತಿಂದ ಬಡೀತಿದ್ದಾರೆ?”

ಅವನು ಹಲಗೆಯ ಕಡೆ ನೋಡಿದ.

“ನನಗೆ ಇವತ್ತು ಕೇಳಿಸಲಿಲ್ಲ,” ಎಂದಳು ಅಜ್ಜಿ. ಅವಳ ದನಿಯಲ್ಲಿ ಒಂದು ಹಗುರವಿತ್ತು, ಮಗ ಹಿಂದೆಂದೂ ಕೇಳದಂಥದ್ದು. “ಸರಿ, ನೀನು ನೋಡ್ಕೋ. ಅಕ್ಕ ಬಡಿಸ್ತಿದ್ದಾಳೆ. ನಾಲ್ಕಕ್ಕೆ ಫೋನ್ ಮಾಡ್ಬೇಡ, ಮಲಗಿರ್ತೀನಿ.”

ಫೋನು ಕೆಳಗಿಟ್ಟ. ಒಂದು ಕೈ ಭುಜದ ಕೆಳಗೆ, ಇನ್ನೊಂದು ಸೊಂಟದ ಕೆಳಗೆ. ಎಳೆಯದೆ, ತನ್ನ ಕಡೆ ಕರೆದುಕೊಂಡ. ದಿಂಬು ಸಿಕ್ಕಿಸಿದ. ದುಪ್ಪಟಿಯ ಸುಕ್ಕು ಸವರಿದ. ಗೋಡೆಗೆ ಒರಗಿ, ಒಂದು ಕಾಲು ಮಡಿಸಿ ಕೂತು, ಏದುಸಿರು ಇಳಿಯುವವರೆಗೆ ಸುಮ್ಮನಿದ್ದ. ಆಮೇಲೆ ಫೋನಿನಲ್ಲಿ ನಾಲ್ಕಕ್ಕೆ ಅಲಾರಂ ಇಟ್ಟ. ಆರಕ್ಕೆ ಇಟ್ಟ. ಎಂಟಕ್ಕೆ ಇಡುತ್ತಿದ್ದಾಗ ಗೇಟು ಕಿರುಗುಟ್ಟಿತು. ಹೆಂಡತಿ, ಮಗಳು ಸ್ಟೇಷನ್ನಿನ ಸುದ್ದಿ ಹೇಳುತ್ತಾ ಜೋರಾಗಿ ಒಳಗೆ ಬಂದರು. ವಕೀಲಮ್ಮ ಅಪ್ಪನನ್ನು ಹುಡುಕುತ್ತಾ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತಳು.

ಅವನು ತುಟಿಯ ಮೇಲೆ ಬೆರಳಿಟ್ಟ.

“ಮೆತ್ತಗೆ ಮಾತಾಡು,” ಎಂದ. “ಈಗಷ್ಟೇ ನಿದ್ದೆ ಹತ್ತಿದೆ.”